ಗೋಡೆಗಾ, ಮೋಲ್ಡಿಗಾ? 500 ವ್ಯಾಟಿನ ಡ್ರಿಲ್ ಜೊತೆ ಒಂದೂವರೆ ವರ್ಷ

ಡ್ರಿಲ್ ತೆಗೆದುಕೊಳ್ಳಬೇಕು ಅಂತ ಓಡಾಡುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. 500 ವ್ಯಾಟಿನ, 10 ಎಂಎಂ ಚಕ್ (ಬಿಟ್ ಹಿಡಿದುಕೊಳ್ಳುವ ಬಾಯಿ) ಇರುವ ಇಂಪ್ಯಾಕ್ಟ್ ಡ್ರಿಲ್, ಅಂದರೆ ತಿರುಗುತ್ತಲೇ ಕುಟ್ಟುವ ಡ್ರಿಲ್, ಮನೆಗೆ ಒಳ್ಳೆಯ ವಸ್ತು. ಅದರ ಜೊತೆ ಬರುವ ನೂರು ಪೀಸಿನ ಕಿಟ್ ದುಡ್ಡು ದಂಡ. ನಿಮ್ಮದು ಈಚೆಗೆ ಕಟ್ಟಿದ ದೊಡ್ಡ ಅಪಾರ್ಟ್‌ಮೆಂಟ್ ಆಗಿದ್ದರೆ ಮಾತ್ರ ಪೂರ್ತಿ ಓದಿ ಆಮೇಲೆ ದುಡ್ಡು ತೆಗೆಯಿರಿ. ಕಂಪನಿ ಹೆಸರು ಹಾಕುತ್ತಿಲ್ಲ. ಈ ಸೈಜಿನ ಡ್ರಿಲ್‌ಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡುತ್ತವೆ, ನನಗೆ ಕಾಣಿಸಿದ ವ್ಯತ್ಯಾಸ ಜಾಸ್ತಿ ಬಣ್ಣದಲ್ಲೇ.

ನಮ್ಮದು ಬೆಂಗಳೂರಿನ ಮತ್ತಿಕೆರೆಯಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಅದರ ಮೇಲೆ ಟೆರೇಸಿನಲ್ಲಿ ನನ್ನ ಗಿಡಗಳು. ಇಲ್ಲಿ ಒಂದು ಗಡಿಯಾರ ನೇತು ಹಾಕಬೇಕು ಅಂದರೂ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಬೇಕಿತ್ತು. ಅವರು "ನಾಳೆ ಬರ್ತೀನಿ ಮೇಡಂ" ಅನ್ನುತ್ತಿದ್ದರು. ಆ ನಾಳೆಗೆ ಕಾದು ಕಾದು, ನಾಲ್ಕು ತೂತಿಗೆ 400 ರೂಪಾಯಿ ಕೊಟ್ಟ ದಿನ ನಾನೇ ಒಂದು ಡ್ರಿಲ್ ತರುತ್ತೇನೆ ಅಂತ ತೀರ್ಮಾನ ಮಾಡಿದೆ.

ಮೊದಲು ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇರುವ ಎಸ್.ಪಿ. ರೋಡಿಗೆ ಹೋಗಿದ್ದೆ. ಯಶವಂತಪುರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ನಡೆದುಕೊಂಡು ಹೋಗುವುದೇ ವಾಸಿ. ಗಾಡಿ ತೆಗೆದುಕೊಂಡು ಹೋದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಸುಮ್ನೆ ಹೋಗಬೇಡಿ. ಅಲ್ಲಿ ಒಂದು ಕಿರಿದಾದ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ನಾನು ಬಾಯಿ ಬಿಡುವ ಮೊದಲೇ ಕೇಳಿದ್ದು ಇದು: "ಎಲ್ಲಿಗೆ ಹೊಡೀಬೇಕು ಮೇಡಂ, ಗೋಡೆಗಾ ಮೋಲ್ಡಿಗಾ?"

ಗೋಡೆಗೆ ಅಂದೆ.

"ಏನು ಹಾಕ್ತೀರಾ?"

ಕರ್ಟನ್ ರಾಡು ಅಂದೆ.

"ಹಂಗಾದ್ರೆ ಮೋಲ್ಡಿಗೂ ಹೊಡೀಬೇಕಾಗತ್ತೆ, ಯೋಚನೆ ಮಾಡಿ" ಅಂದರು. ನನಗೆ ಅರ್ಥ ಆಗಲಿಲ್ಲ. ದೊಡ್ಡ ಮಷಿನ್ ಮಾರಲು ನೋಡುತ್ತಿದ್ದಾರೆ ಅಂದುಕೊಂಡು ವಾಪಸ್ ಬಂದೆ. ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ಸೂಟ್‌ಕೇಸ್ ಥರದ ಡಬ್ಬಿ ಸಮೇತ 3,400ಕ್ಕೆ ಕಿಟ್ ತರಿಸಿದೆ. ಸುತ್ತಿಗೆ, ಸ್ಪಾನರ್, ಟೇಪು, ಹತ್ತಾರು ಬಿಟ್ (ತೂತು ಕೊರೆಯುವ ಕಡ್ಡಿ), ರಾಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ) ಪೊಟ್ಟಣ, ಎಲ್ಲ ಸೇರಿ ನೂರು ಪೀಸು. ನೋಡಲು ಬಹಳ ಚೆನ್ನಾಗಿತ್ತು.

ಮೊದಲ ದಿನ ಹಾಲಿನ ಗೋಡೆಗೆ 6 ಎಂಎಂ ತೂತು ಹೊಡೆದೆ. ಬೆಣ್ಣೆಗೆ ಹೊಡೆದ ಹಾಗೆ ಒಳಗೆ ಹೋಯಿತು. ಕೆಂಪು ಪುಡಿ ಉದುರಿತು, ಅಂದರೆ ಒಳಗೆ ಇಟ್ಟಿಗೆ. ಪ್ಲಗ್ ಹಾಕಿ, ಸ್ಕ್ರೂ ತಿರುಗಿಸಿ, ಗಡಿಯಾರ ನೇತು ಹಾಕಿ, ಅತ್ತೆಯವರನ್ನು ಕರೆದು ತೋರಿಸಿದೆ. ಅವರು ಸ್ವಲ್ಪ ಓರೆ ಇದೆ ಅಂದರು. ಇರಲಿ.

ಎರಡನೇ ದಿನ ಕರ್ಟನ್ ರಾಡಿನ ಸರದಿ. ಕಿಟಕಿಯಿಂದ ಮೂರು ಇಂಚು ಮೇಲೆ ಗುರುತು ಹಾಕಿ ಶುರು ಮಾಡಿದೆ. ಗಾರೆ ದಾಟಿತು, ಅರ್ಧ ಇಂಚು ಹೋಯಿತು, ಅಲ್ಲಿಗೆ ನಿಂತಿತು. ಒತ್ತಿದೆ, ಇನ್ನೂ ಒತ್ತಿದೆ, ಸ್ಟೂಲಿನ ಮೇಲೆ ನಿಂತು ಮೈಭಾರ ಎಲ್ಲ ಹಾಕಿದೆ. ಬೂದು ಬಣ್ಣದ ಪುಡಿ ಚಿಟಿಕೆ ಚಿಟಿಕೆ ಉದುರುತ್ತದೆ, ಬಿಟ್ ಮುಂದೆ ಹೋಗುವುದಿಲ್ಲ. ಹತ್ತು ನಿಮಿಷದ ಮೇಲೆ ಬಿಟ್ ತೆಗೆದು ನೋಡಿದರೆ ತುದಿ ನೀಲಿ ತಿರುಗಿ ದುಂಡಗಾಗಿತ್ತು. ಅಂಗಡಿಯವರು ಹೇಳಿದ್ದು ಆಗ ತಲೆಗೆ ಹೋಯಿತು.

ಕಿಟಕಿ, ಬಾಗಿಲಿನ ನೆತ್ತಿಯ ಮೇಲೆ ಲಿಂಟಲ್ ಇರುತ್ತದೆ. ಅದು ಕಂಬಿ ಕಟ್ಟಿ ಹಾಕಿದ ಕಾಂಕ್ರೀಟು, ಅಂದರೆ ನಮ್ಮ ಗಾರೆಯವರ ಭಾಷೆಯಲ್ಲಿ ಮೋಲ್ಡು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಏಳು ಅಡಿ ಎತ್ತರದಲ್ಲಿ ಇದು ಮನೆ ಸುತ್ತ ಬೆಲ್ಟಿನ ಹಾಗೆ ಹೋಗಿರುತ್ತದೆ, ಸುಮಾರು ಆರು ಇಂಚು ದಪ್ಪ. ಕರ್ಟನ್ ರಾಡನ್ನು ನಾವು ಎಲ್ಲಿ ಹಾಕುತ್ತೇವೆ? ಕಿಟಕಿಗಿಂತ ಮೂರು ನಾಲ್ಕು ಇಂಚು ಮೇಲೆ. ಸರಿಯಾಗಿ ಅದರ ಹೊಟ್ಟೆಗೇ. ಮನೆಯಲ್ಲಿ ಅತಿ ಹೆಚ್ಚು ತೂತು ಬೇಕಾಗುವ ಜಾಗವೂ ಅದೇ, ಅತಿ ಗಟ್ಟಿ ಜಾಗವೂ ಅದೇ.

ಈ ಸಣ್ಣ ಡ್ರಿಲ್ ಅಲ್ಲಿ ಯಾಕೆ ಸೋಲುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಡಬ್ಬಿಯ ಮೇಲೆ ನಿಮಿಷಕ್ಕೆ 40,000ಕ್ಕೂ ಜಾಸ್ತಿ ಏಟು ಅಂತ ಬರೆದಿರುತ್ತದೆ. ಅದನ್ನು ನೋಡಿ ನಾನೂ ಮರುಳಾಗಿದ್ದೆ. ಒಳಗೆ ಇರುವುದು ಹಲ್ಲು ಹಲ್ಲಿನ ಎರಡು ಬಿಲ್ಲೆ. ಒಂದರ ಮೇಲೆ ಒಂದು ಜಾರುವಾಗ ಬಿಟ್ ಹಿಂದೆ ಮುಂದೆ ಕುಣಿಯುತ್ತದೆ, ಅಷ್ಟೇ. ಏಟಿನ ಬಲ ನಮ್ಮ ಕೈ ಒತ್ತಡದಿಂದಲೇ ಬರಬೇಕು. ರೋಟರಿ ಹ್ಯಾಮರ್ ಅನ್ನುವ ಇನ್ನೊಂದು ಮಷಿನ್ ನಿಮಿಷಕ್ಕೆ ಹೊಡೆಯುವುದು ನಾಲ್ಕೈದು ಸಾವಿರ ಏಟು ಮಾತ್ರ. ಆದರೆ ಅದರಲ್ಲಿ ಪಿಸ್ಟನ್ ಇದೆ, ಗಾಳಿ ಒತ್ತಿ ಒಳಗಿನ ಸುತ್ತಿಗೆಯನ್ನು ಬಿಟ್ಟಿನ ಬುಡಕ್ಕೆ ಬಡಿಯುತ್ತದೆ, ನಾವು ಸುಮ್ನೆ ಹಿಡಿದುಕೊಂಡರೆ ಸಾಕು. ಮರಕುಟಿಗ ಕುಟ್ಟುವುದಕ್ಕೂ ಹಾರೆ ಬೀಳುವುದಕ್ಕೂ ಇರುವಷ್ಟು ವ್ಯತ್ಯಾಸ.

ಆ ಮಷಿನನ್ನು ಬಾಡಿಗೆಗೆ ತಂದೆ. ನಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯಲ್ಲಿ ದಿನಕ್ಕೆ 400, ಡೆಪಾಸಿಟ್ ಬೇರೆ. ನಾಲ್ಕು ಕಿಟಕಿಗೆ 16 ತೂತು, ಒಂದೊಂದಕ್ಕೆ ಹತ್ತು ಹದಿನೈದು ಸೆಕೆಂಡು. ಒಂದು ಕಡೆ ಮಾತ್ರ ಟಣ್ ಅಂತ ಶಬ್ದ ಬಂದು ನಿಂತಿತು, ಅದು ಕಂಬಿ. ಅಲ್ಲಿ ಹಟ ಹಿಡಿಯಬಾರದು, ಒಂದು ಇಂಚು ಪಕ್ಕಕ್ಕೆ ಸರಿಯಬೇಕು. ಆ ಮಷಿನಿನ ಬಿಟ್ಟೇ ಬೇರೆ, ಬುಡದಲ್ಲಿ ಉದ್ದಕ್ಕೆ ಕಾಲುವೆ ಥರ ಗೀರು ಕೊರೆದಿರುತ್ತದೆ, ಎಸ್‌ಡಿಎಸ್ ಅನ್ನುತ್ತಾರೆ. ನಮ್ಮ ಡ್ರಿಲ್ಲಿಗೆ ಅದು ಕೂರುವುದಿಲ್ಲ. ಬಾಡಿಗೆಗೆ ತರುವಾಗ ಬಿಟ್ ಕೂಡ ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ನನ್ನ ಹಾಗೆ ಎರಡು ಸಲ ಓಡಾಡುತ್ತೀರಿ.

ಬಾಡಿಗೆ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ರಾಡನ್ನು ಕಿಟಕಿಗಿಂತ ಎಂಟು ಇಂಚು ಮೇಲೆ ಹಾಕಿ. ಲಿಂಟಲ್ ದಾಟಿ ಇಟ್ಟಿಗೆ ಸಿಗುತ್ತದೆ, ಇದೇ ಸಣ್ಣ ಡ್ರಿಲ್ ಸಾಕು, ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಕರ್ಟನ್ ಬಟ್ಟೆ ಮಾತ್ರ ನಾಲ್ಕೈದು ಇಂಚು ಉದ್ದ ಹೊಲಿಸಬೇಕು. ನಾನು ಆಗಲೇ ಹೊಲಿಸಿಬಿಟ್ಟಿದ್ದೆ.

ಈಗ ಅಪಾರ್ಟ್‌ಮೆಂಟಿನ ವಿಷಯ. ವೈಟ್‌ಫೀಲ್ಡ್ ಕಡೆ ನನ್ನ ತಂಗಿ ಮನೆ ತೆಗೆದುಕೊಂಡಳು, ಅಕ್ಕ ನಿನ್ನ ಡ್ರಿಲ್ ತಗೊಂಡು ಬಾ ಅಂದಳು. ಹೋಗಿ ನೋಡಿದರೆ ಇಡೀ ಮನೆಯೇ ಮೋಲ್ಡು. ಈಗ ಎಷ್ಟೋ ದೊಡ್ಡ ಕಟ್ಟಡಗಳಲ್ಲಿ ಇಟ್ಟಿಗೆಯೇ ಇಲ್ಲ, ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಸೂರು ಎಲ್ಲ ಕಾಂಕ್ರೀಟಿನಲ್ಲೇ ಸುರಿದುಬಿಡುತ್ತಾರೆ, ಮೈವಾನ್ ಅಂತ ಹೆಸರು. ಅಲ್ಲಿ ನನ್ನ ಡ್ರಿಲ್ ಒಂದು ಫೋಟೋ ಹಾಕುವಷ್ಟರಲ್ಲಿ ಸುಸ್ತಾಗಿ ಬಿಸಿ ಗಾಳಿ ಬಿಡಲು ಶುರು ಮಾಡಿತು. ಅಂಥ ಮನೆಯವರು ನೇರವಾಗಿ ಸಣ್ಣ ರೋಟರಿ ಹ್ಯಾಮರ್ ತೆಗೆದುಕೊಳ್ಳುವುದೇ ಸರಿ, ಎರಡು ಕೆಜಿ ಆಸುಪಾಸಿನ ಮಷಿನ್‌ಗಳು ಸಿಗುತ್ತವೆ. ಇನ್ನು ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಒಳಗೆಲ್ಲ ಗಾಳಿ ಗುಳ್ಳೆ ಇರುವ, ಹಗುರವಾದ ಎಎಸಿ ಬ್ಲಾಕ್ ಇರುತ್ತದೆ, ಬಿಳಿ ಪುಡಿ ರವೆ ಥರ ಉದುರುತ್ತದೆ. ಅಲ್ಲಿ ಇದಕ್ಕೆ ಉಲ್ಟಾ. ಡ್ರಿಲ್ಲಿನ ಹ್ಯಾಮರ್ ಮೋಡ್, ಅಂದರೆ ಕುಟ್ಟುವುದನ್ನು ಆನ್ ಮಾಡಲೇಬಾರದು, ತೂತು ಅಗಲ ಆಗಿ ಪ್ಲಗ್ ಕೈಗೇ ಬರುತ್ತದೆ. ಎಎಸಿಗೆ ಅಂತಲೇ ಉದ್ದನೆಯ ಪ್ಲಗ್ ಇದೆ, ಅದನ್ನು ಕೇಳಿ. ಹಾಲೋ ಬ್ಲಾಕಿಗೂ ಹ್ಯಾಮರ್ ಬೇಡ.

ಆದ್ದರಿಂದ ಡ್ರಿಲ್ ಕೊಳ್ಳುವ ಮೊದಲು ಗೋಡೆಗೆ ಎಲ್ಲಾದರೂ ಮೂಲೆಯಲ್ಲಿ ಒಂದು ತೂತು ಹೊಡೆಸಿ ಪುಡಿ ನೋಡಿ. ಕೆಂಪಾದರೆ ಇಟ್ಟಿಗೆ. ಬೂದು ಬಣ್ಣದ ಪುಡಿ ಸಲೀಸಾಗಿ ಬಂದರೆ ಸಿಮೆಂಟ್ ಬ್ಲಾಕು, ಕಷ್ಟಪಟ್ಟು ಹಿಟ್ಟಿನ ಹಾಗೆ ಬಂದರೆ ಕಾಂಕ್ರೀಟು. ಮೊದಲ ಅರ್ಧ ಇಂಚು ಗಾರೆಯ ಪುಡಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕಿಟ್ ಬಗ್ಗೆ. ನೂರು ಪೀಸಿನಲ್ಲಿ ನಾನು ಇವತ್ತಿಗೂ ಬಳಸುವುದು ಟೇಪು ಮತ್ತು ಸುತ್ತಿಗೆ. ಪ್ಲಗ್‌ಗಳು ಎಷ್ಟು ಮೃದು ಅಂದರೆ ಸ್ಕ್ರೂ ಜೊತೆ ತಾವೂ ಗಿರಗಿರ ತಿರುಗುತ್ತವೆ. ಬಿಟ್‌ಗಳಲ್ಲಿ ಒಂದು ಸುಟ್ಟಿದ್ದು ಹೇಳಿದೆ, ಇನ್ನೊಂದು ಬಗ್ಗಿತು. ಗೋಡೆಯ ಬಿಟ್ಟಿನ ತುದಿಯಲ್ಲಿ ಕಾರ್ಬೈಡ್ ಅನ್ನುವ ತುಂಬಾ ಗಟ್ಟಿ ತುಂಡು ಕೂರಿಸಿರುತ್ತಾರೆ, ಕೊರೆಯುವುದು ಅದೊಂದೇ. ಅದು ಚೆನ್ನಾಗಿಲ್ಲದಿದ್ದರೆ ಎಂಥ ಮಷಿನ್ ಇದ್ದೂ ದಂಡ. ಆಮೇಲೆ ಮತ್ತೆ ಎಸ್.ಪಿ. ರೋಡಿಗೆ ಹೋಗಿ, ಸ್ವಲ್ಪ ನಾಚಿಕೆಯಿಂದಲೇ ಅದೇ ಅಂಗಡಿಗೆ ಹೋಗಿ, ಗೋಡೆಗೆ 6 ಮತ್ತು 8 ಎಂಎಂ, ಮರ ಹಾಗೂ ಕಬ್ಬಿಣಕ್ಕೆ ಆಗುವ ಎಚ್‌ಎಸ್‌ಎಸ್ (ಗಟ್ಟಿ ಉಕ್ಕಿನ) ಬಿಟ್ 3, 4 ಮತ್ತು 8 ಎಂಎಂ, ನೈಲಾನ್ ಪ್ಲಗ್ ಒಂದೊಂದು ಪ್ಯಾಕೆಟ್ ತಂದೆ. ಒಂದೂವರೆ ವರ್ಷದ ಎಲ್ಲ ಕೆಲಸ ಈ ಐದು ಬಿಟ್ಟಿನಲ್ಲೇ ಆಗಿದೆ. ಬರಿ ಮಷಿನ್ ಕೊಂಡು ಬಿಟ್ ಬೇರೆ ತೆಗೆದುಕೊಂಡಿದ್ದರೆ 600 ರೂಪಾಯಿ ಆದರೂ ಉಳಿಯುತ್ತಿತ್ತು.

6 ಎಂಎಂ ತೂತಿಗೆ 6 ಎಂಎಂ ಪ್ಲಗ್. ಅದಕ್ಕೆ 8ನೇ ನಂಬರ್ ಸ್ಕ್ರೂ, 35 ಎಂಎಂ ಉದ್ದದ್ದು. ಫೋಟೋ, ಗಡಿಯಾರ, ಕೀ ಸ್ಟ್ಯಾಂಡ್ ಎಲ್ಲದಕ್ಕೂ ಇಷ್ಟು ಸಾಕು. ತೂತು ಪ್ಲಗ್‌ಗಿಂತ ಸ್ವಲ್ಪ ಆಳ ಇರಬೇಕು. ಯಾಕೆಂದರೆ ಕೆಳಗೆ ಪುಡಿ ಕೂತಿರುತ್ತದೆ. ಬಿಟ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಡ್ರಿಲ್ ಜೊತೆ ಅಳತೆಗೆ ಅಂತ ಒಂದು ಕಡ್ಡಿ ಬಂದಿತ್ತು, ಎರಡನೇ ವಾರವೇ ಎಲ್ಲೋ ಹೋಯಿತು.

ಗೋಡೆಗೆ ಕೈ ಹಾಕುವ ಮೊದಲು ವೈರು ಎಲ್ಲಿದೆ ನೋಡಿ. ನಮ್ಮ ಮನೆಗಳಲ್ಲಿ ಪೈಪು ಗೋಡೆಯೊಳಗೇ ಹೋಗಿರುತ್ತದೆ. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ ಸೂರಿನ ತನಕ, ಕೆಲವು ಕಡೆ ಬೋರ್ಡಿನಿಂದ ಬೋರ್ಡಿಗೆ ಅಡ್ಡಕ್ಕೆ. ಈ ಎರಡು ಗೆರೆಗಳಿಂದ ಒಂದು ಗೇಣು ದೂರ ಇರಿ. ಬಚ್ಚಲಲ್ಲಿ ನಲ್ಲಿ, ಗೀಸರ್ ಪಾಯಿಂಟುಗಳ ಮೇಲೆ ಕೆಳಗೆ ನೀರಿನ ಪೈಪು ಇರುತ್ತದೆ. ನಮ್ಮ ಮೇಲಿನ ಮನೆಯವರು ಟವೆಲ್ ರಾಡ್ ಹಾಕಲು ಹೋಗಿ ಪೈಪಿಗೇ ಹೊಡೆದರು. ಅವತ್ತು ಟೈಲ್ಸ್ ಒಡೆದು ರಿಪೇರಿ ಮಾಡಿಸಿದ ಖರ್ಚಿನಲ್ಲಿ ಎರಡು ಡ್ರಿಲ್ ಬರುತ್ತಿತ್ತು. ಮನೆ ಕಟ್ಟುವಾಗ ಗಾರೆ ಹಾಕುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತಿರುತ್ತೇನೆ. ನಾವು ತೆಗೆದಿರಲಿಲ್ಲ.

ಟೈಲ್ಸಿಗೆ ಹ್ಯಾಮರ್ ಮೋಡ್ ಹಾಕಿದರೆ ಬಿರುಕು ಗ್ಯಾರಂಟಿ. ಮೊದಲು ಹ್ಯಾಮರ್ ಆಫ್ ಮಾಡಿ, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಭರ್ಜಿ ತುದಿಯ ಟೈಲ್ಸ್ ಬಿಟ್ಟಿನಲ್ಲಿ ನಿಧಾನಕ್ಕೆ ತಿರುಗಿಸಿ. ಟೈಲ್ಸ್ ದಾಟಿದ ಮೇಲೆ ಗೋಡೆಯ ಬಿಟ್ ಹಾಕಿ ಹ್ಯಾಮರ್ ಆನ್ ಮಾಡಬಹುದು.

ಸಣ್ಣಪುಟ್ಟ ವಿಷಯಗಳು. 500 ವ್ಯಾಟ್ ಅಂದರೆ ಎಳೆಯುವುದು ಎರಡು ಆಂಪಿಯರ್ ಚಿಲ್ಲರೆ, ಮಾಮೂಲಿ ಸಾಕೆಟ್ ಸಾಕು, ಗೀಸರ್ ಪಾಯಿಂಟ್ ಬೇಡ. ವೈರು ಎರಡು ಮೀಟರ್, ಏಣಿ ಹತ್ತಿದರೆ ಸಾಲುವುದಿಲ್ಲ, ಎಕ್ಸ್‌ಟೆನ್ಷನ್ ಇಲ್ಲದೆ ನಡೆಯುವುದಿಲ್ಲ. ಪಿನ್ ಎರಡೇ ಇದೆಯಲ್ಲ, ಅರ್ತಿಂಗ್ ಎಲ್ಲಿ ಅಂತ ನಮ್ಮ ಮಾವ ಹೆದರಿದ್ದರು. ಮೈಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಎರಡು ಪದರ ಇನ್ಸುಲೇಷನ್ ಇರುವ ಮಷಿನ್, ಮೂರನೇ ಪಿನ್ ಬೇಕಾಗಿಲ್ಲ. ಚಕ್ಕಿನ ಚಾವಿಯನ್ನು ವೈರಿಗೇ ಕಟ್ಟಿಬಿಡಿ, ಪ್ಲಗ್ಗಿನ ಹತ್ತಿರ. ಆಗ ಬಿಟ್ ಬದಲಾಯಿಸಬೇಕಾದರೆ ಪ್ಲಗ್ ತೆಗೆಯಲೇಬೇಕಾಗುತ್ತದೆ. ಇದನ್ನು ಹೇಳಿಕೊಟ್ಟಿದ್ದೂ ಅದೇ ಅಂಗಡಿಯವರು. ಸ್ಕ್ರೂ ತಿರುಗಿಸಲು ಈ ಡ್ರಿಲ್ ಒಳ್ಳೆಯದಲ್ಲ. ಸ್ಕ್ರೂ ಬಿಗಿಯಾದ ತಕ್ಷಣ ತಿರುಗುವುದನ್ನು ನಿಲ್ಲಿಸುವ ಕ್ಲಚ್ ಇಲ್ಲ, ಸ್ಪೀಡ್ ಜಾಸ್ತಿ, ಸ್ಕ್ರೂ ತಲೆ ಸವೆದು ಹೋಗುತ್ತದೆ. ಆ ಕೆಲಸ ಜಾಸ್ತಿ ಇರುವವರು ಬ್ಯಾಟರಿಯದ್ದು ನೋಡಿ. ಧೂಳಿಗೆ ಮಾಸ್ಕ್ ಹಾಕಿ, ಎನ್95 ಆದರೆ ವಾಸಿ, ಕಾಂಕ್ರೀಟಿನ ನುಣುಪು ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೆ ಮದುವೆ ಕರೆಯೋಲೆಯ ಲಕೋಟೆಯನ್ನು ಬಾಯಿ ತೆರೆದು ತೂತಿನ ಕೆಳಗೆ ಅಂಟಿಸಿದರೆ ಪುಡಿ ಎಲ್ಲ ಅದರೊಳಗೇ ಬೀಳುತ್ತದೆ. ನಮ್ಮ ಮನೆಯಲ್ಲಿ ಕರೆಯೋಲೆಗಳಿಗೆ ಈಗ ಇದೊಂದೇ ಉಪಯೋಗ.

ಇಷ್ಟೆಲ್ಲ ಬೈದರೂ ಈ ಡ್ರಿಲ್ ಮೇಲೆ ನನಗೆ ಪ್ರೀತಿ ಬಂದಿದ್ದು ಟೆರೇಸಿನಲ್ಲಿ. ಅಲ್ಲಿ ಹ್ಯಾಮರ್ ಬೇಕೇ ಇಲ್ಲ. 20 ಲೀಟರಿನ ಖಾಲಿ ಪೇಂಟ್ ಡಬ್ಬಿಗಳನ್ನು ಪೇಂಟರ್ ಹತ್ತಿರ ಇಸಿದುಕೊಂಡು, ಚೆನ್ನಾಗಿ ತೊಳೆದು, ತಳದ ಪಕ್ಕದಲ್ಲಿ ಸುತ್ತ ಐದು ತೂತು ಮಾಡಿದರೆ ಕುಂಡ ರೆಡಿ. ಮೊದಲು ಕಾದ ಕಂಬಿಯಿಂದ ಚುಚ್ಚುತ್ತಿದ್ದೆ, ಆ ವಾಸನೆ, ಆ ಹೊಗೆ ಸಾಕಪ್ಪ ಸಾಕು. ಈಗ ಮೊದಲು 4 ಎಂಎಂ, ಆಮೇಲೆ 8 ಎಂಎಂ, ನಿಧಾನಕ್ಕೆ. ಒಂದೇ ಸಲ ದೊಡ್ಡ ಬಿಟ್ ಹಾಕಿ ಜೋರಾಗಿ ಒತ್ತಿದರೆ ಬಿಸಿಲಿಗೆ ಒಣಗಿದ ಹಳೆ ಡಬ್ಬಿ ಸೀಳುತ್ತದೆ. ತೂತನ್ನು ತೀರಾ ಅಡಿಗೆ ಮಾಡುವುದಕ್ಕಿಂತ ಪಕ್ಕಕ್ಕೆ, ತಳದಿಂದ ಒಂದು ಇಂಚು ಮೇಲೆ ಮಾಡಿದರೆ ಮಣ್ಣು ಕಟ್ಟಿಕೊಳ್ಳುವುದಿಲ್ಲ, ಸ್ವಲ್ಪ ನೀರೂ ತಳದಲ್ಲಿ ನಿಲ್ಲುತ್ತದೆ, ಏಪ್ರಿಲ್ ಬಿಸಿಲಿಗೆ ಅದು ಬೇಕು. ಅಡುಗೆಮನೆ ಕಸದ ಗೊಬ್ಬರದ ಡಬ್ಬಿಗೂ ಹೀಗೇ, ಆದರೆ ಅದಕ್ಕೆ ಗಾಳಿ ಆಡಲು ಮೇಲಿನ ತನಕ ಸುತ್ತ ತೂತು ಬೇಕು. ಅರ್ಧ ಗಂಟೆಯಲ್ಲಿ ಆರು ಡಬ್ಬಿ ಮುಗಿಸಿದ್ದೇನೆ.

ಅವರೆ, ಹೀರೆ ಬಳ್ಳಿಗೆ ಬಿದಿರಿನ ಚಪ್ಪರ ಕಟ್ಟಿದೆ. ಬಿದಿರಿಗೆ ಮೊಳೆ ಹೊಡೆದರೆ ಸೀಳುತ್ತದೆ, 3 ಎಂಎಂ ಬಿಟ್ಟಿನಲ್ಲಿ ತೂತು ಮಾಡಿ ತಂತಿ ಪೋಣಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಗೆಣ್ಣಿನ ಹತ್ತಿರ ತೂತು ಮಾಡಿ, ನಡುವೆ ಬೇಡ.

ಒಂದು ತಪ್ಪು ಮಾತ್ರ ಮಾಡಬೇಡಿ. ಶೇಡ್ ನೆಟ್ ಕಂಬ ನಿಲ್ಲಿಸಲು ಟೆರೇಸಿನ ನೆಲಕ್ಕೆ ತೂತು ಹೊಡೆಯಬೇಡಿ. ವಾಟರ್‌ಪ್ರೂಫಿಂಗ್ ಒಡೆದರೆ ಮುಂದಿನ ಮಳೆಗಾಲಕ್ಕೆ ಕೆಳಗಿನವರ ಸೂರಿನಲ್ಲಿ ನೀರಿನ ಮಚ್ಚೆ ಕಾಣುತ್ತದೆ, ಆಮೇಲೆ ಅದನ್ನು ಹುಡುಕಿ ಮುಚ್ಚುವುದು ದೊಡ್ಡ ರಾಮಾಯಣ. ನಾನು ನಾಲ್ಕು ಪೇಂಟ್ ಡಬ್ಬಿಯಲ್ಲಿ ಜಿಐ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿ ಮೂಲೆಗಳಲ್ಲಿ ಇಟ್ಟೆ. ಮೇ ತಿಂಗಳ ಗಾಳಿ ಮಳೆಗೆ ನೆಟ್ಟಿನ ಒಂದು ಮೂಲೆ ಕಿತ್ತುಕೊಂಡು ಹೋಯಿತು, ಕಂಬ ಅಲುಗಲಿಲ್ಲ. ಅಂದಹಾಗೆ ಆ ಕಾಂಕ್ರೀಟನ್ನು ಡ್ರಿಲ್ಲಿಗೆ ಕಲಸುವ ಕಡ್ಡಿ ಸಿಕ್ಕಿಸಿ ಕಲಸಲು ನೋಡಿದ್ದೆ. ಎರಡೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು, ಕೈಬಿಟ್ಟು ಕರಣೆಯಲ್ಲೇ ಕಲಸಿದೆ. ಪೇಂಟ್ ಕಲಸಲು ಪರವಾಗಿಲ್ಲ, ಸಿಮೆಂಟಿಗೆ ಈ ಮೋಟಾರ್ ಸಾಲದು.

ಮೋಟಾರ್ ಇನ್ನೂ ಗಟ್ಟಿಯಾಗಿದೆ. ಒಳಗಿನ ಕಾರ್ಬನ್ ಬ್ರಷ್ ಸವೆಯುವ ವಸ್ತು, ಟ್ರಿಗರ್ ಒತ್ತಿದಾಗ ಕಿಡಿ ಜಾಸ್ತಿ ಕಾಣಿಸಿದರೆ, ನಡುನಡುವೆ ನಿಂತು ನಿಂತು ತಿರುಗಿದರೆ ಅದನ್ನು ಬದಲಾಯಿಸಬೇಕು. ನನಗೆ ಇನ್ನೂ ಆ ಪಾಳಿ ಬಂದಿಲ್ಲ. ಹಳೆ ಇಟ್ಟಿಗೆ ಮನೆ, ಟೆರೇಸಿನಲ್ಲಿ ಗಿಡ, ತಿಂಗಳಿಗೆ ನಾಲ್ಕೈದು ತೂತು, ಇಷ್ಟೇ ಕೆಲಸ ಇರುವವರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಿಟ್ಟಿಗೆ ಒಂದು, ಅದೂ ಸುತ್ತಿಗೆಗೋಸ್ಕರ.

ಮುಂದಿನ ಶನಿವಾರ ರೋಟರಿ ಹ್ಯಾಮರ್ ಮತ್ತೆ ಬಾಡಿಗೆಗೆ ತರುತ್ತಿದ್ದೇನೆ. ಮೇಲಿನ ಮನೆಯವರ ಎರಡು ಕಿಟಕಿ, ನಮ್ಮ ಅಟ್ಟದ ಕೆಳಗಿನ ಕೊಕ್ಕೆಗಳು ಸೇರಿ 14 ತೂತು, ಬಾಡಿಗೆ ಅರ್ಧ ಅರ್ಧ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಅತ್ತೆಯವರು ಮಧ್ಯಾಹ್ನ ಮಲಗುವುದರೊಳಗೆ ಮುಗಿಸಬೇಕು.